ಡೆವಲಪರ್ಸ್ ಮುಂದೆ ವೈರ್‌ಗಾರ್ಡ್ ಡೆಮೊ ಕೊಡೋದು ಹೇಗೆ: ತಯಾರಿಯಿಂದ ಪ್ರಶ್ನೆಗಳ ತನಕ

"ನಮ್ ಟೀಮಲ್ಲಿ ವೈರ್‌ಗಾರ್ಡ್ ಬಗ್ಗೆ ಅರ್ಧ ಗಂಟೆ ಮಾತಾಡು ಅಂದಿದಾರೆ, ಏನ್ ತೋರಿಸ್ಲಿ?" ಅಂತ ಕೇಳಿ ಮೆಸೇಜ್ ಬರ್ತಾನೇ ಇರತ್ತೆ. ಕಾಲೇಜಲ್ಲಿ ಲಿನಕ್ಸ್ ಕ್ಲಬ್ ನಡೆಸೋ ಹುಡುಗ್ರು ಕೇಳ್ತಾರೆ, ಆಫೀಸಲ್ಲಿ ಹಳೇ ವಿಪಿಎನ್ ತೆಗೆದು ಇದನ್ನ ಹಾಕ್ಬೇಕು ಅಂತಿರೋ ಸಿಸ್ಟಮ್ ಅಡ್ಮಿನ್‌ಗಳೂ ಕೇಳ್ತಾರೆ. ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಹೊಸಬ್ರಿಗೆ ಒಂದ್ಮಾತು: ವೈರ್‌ಗಾರ್ಡ್ ಒಂದು ಓಪನ್ ಸೋರ್ಸ್ ವಿಪಿಎನ್, ಅಂದ್ರೆ ಎರಡು ಮಷೀನ್ ನಡುವೆ ಬೇರೆ ಯಾರಿಗೂ ಓದೋಕಾಗದ ಸುರಂಗ ಹಾಕೋ ಟೂಲ್.

ಶುರು ಮಾಡೋ ಮುಂಚೆ ಒಂದು ವಿಷ್ಯ. ಡೆವಲಪರ್ಸ್ ಫೀಚರ್ ಪಟ್ಟಿ ನೋಡಿ ಯಾವ ಟೂಲನ್ನೂ ನಂಬಲ್ಲ. ಬೀಗ ಹಾಕಿರೋ ಬಾಗಿಲನ್ನ ಅವ್ರ ಕಣ್ಮುಂದೇನೇ ತಳ್ಳಿ, ತೆಗೆಯಲ್ಲ ಅನ್ನೋದು ಕಾಣ್ಲಿ, ಆಮೇಲೆ ಕೀಲಿ ಹಾಕಿ ತೆಗೀರಿ, ಕೊನೆಗೆ ಕೀಲಿ ಕಿತ್ಕೊಂಡು ಇನ್ನೊಂದ್ಸಲ ತಳ್ಳಿ. ಕೆಳಗೆ ಬರೆದಿರೋ ಡೆಮೊ ಪೂರ್ತಿ ಈ ಮೂರು ತಳ್ಳಾಟದ ಸುತ್ತಾನೇ ಇದೆ, ಟೈಮ್ ಕಮ್ಮಿ ಆಯ್ತು ಅಂದ್ರೆ ಬೇರೆ ಎಲ್ಲಾ ಬಿಟ್ಟಾದ್ರೂ ಇದನ್ನ ಮಾತ್ರ ತೋರಿಸಿ.

ಬೇಕಾಗೋದು ಇಷ್ಟೇ: ಲಿನಕ್ಸ್ ಇರೋ ಒಂದು ಲ್ಯಾಪ್‌ಟಾಪ್, ಕರ್ನಲ್ (ಲಿನಕ್ಸಿನ ತಿರುಳು) 5.6 ಅಥವಾ ಅದಕ್ಕಿಂತ ಹೊಸದು, ವೈರ್‌ಗಾರ್ಡ್ ಟೂಲ್ಸ್ ಅನ್ನೋ ಪ್ಯಾಕೇಜ್, ನೆಟ್‌ವರ್ಕಲ್ಲಿ ಓಡಾಡೋ ಪ್ಯಾಕೆಟ್ ತೋರಿಸೋ ಟಿಸಿಪಿಡಂಪ್, ಟರ್ಮಿನಲ್ಲಿಂದ ವೆಬ್ ಪೇಜ್ ತರಿಸೋ ಕರ್ಲ್, ಪೈಥಾನ್, ರೂಟ್ ಪರ್ಮಿಷನ್. ವಿಂಡೋಸ್ ಅಥವಾ ಮ್ಯಾಕ್ ಇದ್ರೆ ಒಂದು ಲಿನಕ್ಸ್ ವರ್ಚುವಲ್ ಮಷೀನ್ ಸಾಕು. ಕ್ಲೌಡ್ ಸರ್ವರ್ ಬೇಡ, ಇಂಟರ್ನೆಟ್ಟೂ ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ.

1. ಮೊದ್ಲು ಅವ್ರ ತಲೆನೋವಿಂದ ಶುರು ಮಾಡಿ

ಮೊದಲ್ನೇ ಸ್ಲೈಡಲ್ಲೇ "ವೈರ್‌ಗಾರ್ಡ್ ಅಂದ್ರೇನು" ಅಂತ ಹಾಕ್ಬೇಡಿ. ಕೂತಿರೋರಿಗೆ ದಿನಾ ಆಗೋ ಒಂದು ತೊಂದರೆ ಹೇಳಿ. ನಾನು ಯಾವಾಗ್ಲೂ ಹೇಳೋ ಉದಾಹರಣೆ ಇದು: ಸ್ಟೇಜಿಂಗ್ (ಬಿಡುಗಡೆಗೆ ಮುಂಚೆ ಪರೀಕ್ಷೆ ಮಾಡೋ) ಡೇಟಾಬೇಸ್ ಕ್ಲೌಡಲ್ಲಿದೆ, 5432 ಪೋರ್ಟ್ ಇಂತಿಂಥ ಐಪಿಗೆ ಮಾತ್ರ ತೆಗೆದಿರತ್ತೆ, ಮನೇಲಿ ಕರೆಂಟ್ ಹೋಗಿ ರೂಟರ್ ರೀಸ್ಟಾರ್ಟ್ ಆದ್ರೆ ಐಪಿ ಬದ್ಲಾಗತ್ತೆ, ಪ್ರತೀ ಸಲ ಅಡ್ಮಿನ್‌ಗೆ ಮೆಸೇಜ್ ಹಾಕಿ ಸಾಕಾಗಿ ಒಂದಿನ ಯಾರೋ ಒಬ್ರು ಇಡೀ ಪ್ರಪಂಚಕ್ಕೇ ಆ ಪೋರ್ಟ್ ತೆಗೆದುಬಿಡ್ತಾರೆ. ಇದನ್ನ ಹೇಳಿದ ತಕ್ಷಣ ರೂಮಲ್ಲಿ ನಾಲ್ಕು ತಲೆ ಅಲ್ಲಾಡತ್ತೆ, ಅಲ್ಲಿಂದ ಮುಂದೆ ಅವ್ರು ನಿಮ್ ಜೊತೆ ಇರ್ತಾರೆ.

ಕೂತಿರೋರು ಏನ್ ಕೆಲಸ ಮಾಡೋರು ಅಂತ ಮುಂಚೇನೇ ತಿಳ್ಕೊಳ್ಳಿ. ಫ್ರಂಟ್‌ಎಂಡ್ ಬರೆಯೋರಿಗೆ ಸ್ಟೇಜಿಂಗ್ ಉದಾಹರಣೆ ಹಿಡಿಸತ್ತೆ, ಹಾರ್ಡ್‌ವೇರ್ ಜೊತೆ ಆಡೋರಿಗೆ ತೋಟದ ಮನೇಲಿರೋ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಬೆಂಗಳೂರಿಂದ ಲಾಗಿನ್ ಆಗೋದು ಹೇಳಿದ್ರೆ ಹತ್ರ ಅನ್ಸತ್ತೆ.

2. ಹಿನ್ನೆಲೆ ಮೂರೇ ನಿಮಿಷ

ವೈರ್‌ಗಾರ್ಡ್ ಬರೆದಿದ್ದು ಜೇಸನ್ ಡೊನೆನ್‌ಫೆಲ್ಡ್. 2017ರಲ್ಲಿ ಇದರ ಬಗ್ಗೆ ಪ್ರಬಂಧ ಬಂತು, ಕೋಡ್ 4000 ಸಾಲಿಗಿಂತ ಕಮ್ಮಿ ಅಂತ ಅದ್ರಲ್ಲಿ ಹೇಳಿದ್ರು. 2018ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದನ್ನ ಓಪನ್‌ವಿಪಿಎನ್, ಐಪಿಸೆಕ್ ಅನ್ನೋ ಹಳೇ ವಿಪಿಎನ್‌ಗಳ ಜೊತೆ ಹೋಲಿಸಿ ಕಲಾಕೃತಿ ಅಂತ ಹೊಗಳಿದ್ರು. 2020ರ ಮಾರ್ಚ್‌ನಲ್ಲಿ ಬಂದ 5.6 ಕರ್ನಲ್ ಜೊತೆ ಲಿನಕ್ಸ್ ಒಳಗೇ ಸೇರ್ತು. ಇತಿಹಾಸ ಇಷ್ಟು ಸಾಕು. ಸಾಲು ಕಮ್ಮಿ ಇರೋದು ಯಾಕೆ ಮುಖ್ಯ ಅಂತ ಮಾತ್ರ ಬಿಡಿಸಿ ಹೇಳಿ: ಸೆಕ್ಯುರಿಟಿ ಕೋಡನ್ನ ಒಬ್ಬ ಮನುಷ್ಯ ಕೂತು ಮೊದ್ಲಿಂದ ಕೊನೇ ತನಕ ಓದೋಕಾಗತ್ತೆ.

ಪದಗಳಲ್ಲಿ ಮೂರನ್ನ ಈಗ್ಲೇ ಬಿಡಿಸಿ. ಪೀರ್ ಅಂದ್ರೆ ಸುರಂಗದ ಆ ಕಡೆ ಇರೋ ಮಷೀನ್, ಇಲ್ಲಿ ಸರ್ವರ್ ಕ್ಲೈಂಟ್ ಅನ್ನೋ ಭೇದ ಇಲ್ಲ, ಎರಡೂ ಕಡೆಯೋರು ಪೀರ್‌ಗಳೇ. ಹ್ಯಾಂಡ್‌ಶೇಕ್ ಅಂದ್ರೆ ಎರಡೂ ಕಡೆ ಗುರುತು ಹಿಡಿದು ಆ ಹೊತ್ತಿನ ಗುಪ್ತ ಕೀಲಿ ಮಾಡ್ಕೊಳ್ಳೋದು, ಡೇಟಾ ಓಡಾಡ್ತಿದ್ರೆ ಇದು ಸುಮಾರು 2 ನಿಮಿಷಕ್ಕೊಂದ್ಸಲ ಹೊಸದಾಗಿ ನಡೆಯತ್ತೆ. ಪಬ್ಲಿಕ್ ಕೀ, ಪ್ರೈವೇಟ್ ಕೀ ಬಗ್ಗೆ ಹೇಳೋವಾಗ ದೂರದ ಸರ್ವರ್‌ಗೆ ಲಾಗಿನ್ ಆಗೋಕೆ ಬಳಸೋ ಎಸ್ಎಸ್ಎಚ್ ನೆನಪಿಸಿ, ಅದನ್ನ ದಿನಾ ಬಳಸೋರಿಗೆ ಬೇರೆ ವಿವರಣೆ ಬೇಕಾಗಲ್ಲ.

ಕ್ರಿಪ್ಟೋಗ್ರಫಿ ಒಳಗೆ ಇಳೀಬೇಡಿ. ಕರ್ವ್ 25519, ಚಾಚಾ 20, ಪಾಲಿ 1305, ಬ್ಲೇಕ್ 2 ಎಸ್ ಅಂತ ಹೆಸ್ರು ಒಂದು ಸ್ಲೈಡಲ್ಲಿರ್ಲಿ, ಆದ್ರೆ ಒತ್ತಿ ಹೇಳ್ಬೇಕಾಗಿದ್ದು ಬೇರೆ: ಇವನ್ನ ಬದ್ಲಾಯ್ಸೋ ಆಯ್ಕೆ ಬಳಕೆದಾರರಿಗೆ ಇಲ್ಲವೇ ಇಲ್ಲ. ಆಯ್ಕೆ ಇಲ್ದಿರೋದ್ರಿಂದ ಯಾರೋ ಹಳೇ ದುರ್ಬಲ ಸೈಫರ್ (ಗುಪ್ತಲಿಪಿ ವಿಧಾನ) ಹಾಕಿ ಮರೆತುಬಿಡೋ ಪ್ರಮೇಯಾನೂ ಇಲ್ಲ.

3. ಲ್ಯಾಬನ್ನ ಒಂದೇ ಲ್ಯಾಪ್‌ಟಾಪ್ ಒಳಗೆ ಕಟ್ಟಿ

ನನಗೆ ಇದು ಕಷ್ಟಪಟ್ಟು ಗೊತ್ತಾಗಿದ್ದು. ಒಂದ್ಸಲ ಕ್ಲೌಡ್ ಸರ್ವರ್ ನಂಬ್ಕೊಂಡು ಹೋದೆ, ಅಲ್ಲಿನ ವೈಫೈ ಯುಡಿಪಿ (ಪ್ಯಾಕೆಟ್ ಕಳ್ಸೋ ಒಂದು ವಿಧಾನ) ಹೊರಗೆ ಬಿಡ್ತಾ ಇರ್ಲಿಲ್ಲ, ವೈರ್‌ಗಾರ್ಡ್ ಓಡೋದೇ ಯುಡಿಪಿ ಮೇಲೆ, ಹದಿನೈದು ನಿಮಿಷ ಎಲ್ರೂ ಖಾಲಿ ಪರದೆ ನೋಡ್ತಾ ಕೂತಿದ್ರು. ಆವತ್ತಿಂದ ಹೊರಗಿನ ನೆಟ್‌ವರ್ಕ್ ನಂಬಿ ಡೆಮೊ ಮಾಡಿಲ್ಲ, ನೀವೂ ಮಾಡ್ಬೇಡಿ.

ಬದ್ಲಿಗೆ ಲಿನಕ್ಸಲ್ಲಿರೋ ನೆಟ್‌ವರ್ಕ್ ನೇಮ್‌ಸ್ಪೇಸ್ ಬಳಸಿ. ಒಂದೇ ಮಷೀನ್ ಒಳಗೆ ಬೇರೆ ಬೇರೆ ನೆಟ್‌ವರ್ಕ್ ಕೋಣೆ ಮಾಡ್ಕೊಳ್ಳೋದು ಅಂತ ತಿಳ್ಕೊಳ್ಳಿ, ಒಂದು ಕೋಣೆಯ ಐಪಿ, ರೂಟ್ ಇನ್ನೊಂದಕ್ಕೆ ಕಾಣಲ್ಲ. "ಆಫೀಸ್", "ಮನೆ" ಅಂತ ಎರಡು ಮಾಡಿ. ಎರಡರ ನಡುವೆ ವೆತ್ ಜೋಡಿ ಹಾಕಿ, ಇದು ಎರಡು ತುದಿ ಇರೋ ಕೇಬಲ್ ಥರ. ಆಫೀಸ್ ತುದಿಗೆ 192.168.50.1, ಮನೆ ತುದಿಗೆ 192.168.50.2 ಕೊಡಿ, ಇದೇ ನಿಮ್ಮ ಇಂಟರ್ನೆಟ್ ಪಾತ್ರ ಮಾಡತ್ತೆ. ಅದ್ರ ಮೇಲೆ ಎರಡೂ ಕಡೆ ಒಂದೊಂದು ವೈರ್‌ಗಾರ್ಡ್ ಇಂಟರ್‌ಫೇಸ್, ಅವಕ್ಕೆ 10.10.0.1 ಮತ್ತು 10.10.0.2. ಪ್ರೀಫಿಕ್ಸ್ ಎಲ್ಲದಕ್ಕೂ 24. ಪ್ಯಾಕೆಟ್ ಬರ್ಲಿ ಅಂತ ಕಾಯೋ ಪೋರ್ಟ್ ಆಫೀಸಲ್ಲಿ 51820, ಎಲ್ರೂ ರೂಢಿಯಲ್ಲಿ ಹಾಕೋದು ಇದೇ ನಂಬರ್.

ಇಲ್ಲಿ ಎಡವೋದು ಎರಡು ಕಡೆ. ಹೊಸ ನೇಮ್‌ಸ್ಪೇಸಲ್ಲಿ ಲೂಪ್‌ಬ್ಯಾಕ್ ಕೂಡ ಡೌನ್ ಆಗಿರತ್ತೆ, ಅದನ್ನ ಅಪ್ ಮಾಡ್ದೆ ಇದ್ರೆ ತನ್ನ ಐಪಿಗೆ ತಾನೇ ಪಿಂಗ್ ಮಾಡಿದ್ರೂ ಉತ್ತರ ಬರಲ್ಲ. ಇನ್ನೊಂದು, ಡಬ್ಲ್ಯೂಜಿ ಕ್ವಿಕ್ ಅನ್ನೋ ಸ್ಕ್ರಿಪ್ಟ್ ಅಡ್ರೆಸ್, ರೂಟ್ ಎಲ್ಲಾ ತಾನೇ ಹಾಕತ್ತೆ, ಬರೀ ಡಬ್ಲ್ಯೂಜಿ ಕಮಾಂಡ್ ಬಳಸಿದ್ರೆ ಅವನ್ನ ನೀವೇ ಹಾಕ್ಬೇಕು. ಡೆಮೊಗೆ ನಾನು ಬರೀ ಡಬ್ಲ್ಯೂಜಿ ಬಳಸ್ತೀನಿ, ಒಂದೊಂದು ಹೆಜ್ಜೇನೂ ಕಣ್ಣಿಗೆ ಕಾಣತ್ತೆ.

ಎಲ್ಲಾನೂ ಒಂದು ಶೆಲ್ ಸ್ಕ್ರಿಪ್ಟಲ್ಲಿ ಬರೆದಿಡಿ, ಜೊತೆಗೆ ಎಲ್ಲಾ ಅಳಿಸಿಹಾಕೋ ಸ್ಕ್ರಿಪ್ಟ್ ಒಂದು. ವೇದಿಕೆ ಮೇಲೆ ಏನಾದ್ರೂ ಕೆಟ್ರೆ ಅಳಿಸಿ ಮತ್ತೆ ಕಟ್ಟೋಕೆ ಎರಡು ಸೆಕೆಂಡ್ ಸಾಕು.

4. ಕೀಲಿ ವಿಷ್ಯದಲ್ಲಿ ಹುಷಾರು

ವೈರ್‌ಗಾರ್ಡ್ ಕೀ 32 ಬೈಟ್, ಬೇಸ್ 64ರಲ್ಲಿ ಬರೆದ್ರೆ 44 ಅಕ್ಷರ. ಪ್ರೈವೇಟ್ ಕೀ, ಪಬ್ಲಿಕ್ ಕೀ ಎರಡೂ ನೋಡೋಕೆ ಒಂದೇ ಥರ ಇರೋದ್ರಿಂದ ಅದಲು ಬದಲಾಗೋದು ತುಂಬಾ ಸುಲಭ, ಫೈಲ್ ಹೆಸರಲ್ಲೇ ಯಾವ್ದು ಏನು ಅಂತ ಬರೆದಿಡಿ.

ಡೆಮೊಗೆ ಅಂತಾನೇ ಬೇರೆ ಕೀ ಮಾಡಿ, ಮುಗಿದ ಮೇಲೆ ಅಳಿಸಿ. ಆಫೀಸಿನ ನಿಜವಾದ ಕಾನ್ಫಿಗ್ ಫೈಲನ್ನ ಪ್ರೊಜೆಕ್ಟರ್ ಮೇಲೆ ಯಾವತ್ತೂ ತೆಗೀಬೇಡಿ. ಮುಂದಿನ ಸಾಲಲ್ಲಿ ಕೂತೋರು ಫೋಟೋ ತೆಗೀತಾರೆ, ವಿಡಿಯೋ ರೆಕಾರ್ಡಿಂಗ್ ಇರತ್ತೆ, 44 ಅಕ್ಷರ ಓದ್ಕೊಳ್ಳೋಕೆ ಒಂದು ಸ್ಕ್ರೀನ್‌ಶಾಟ್ ಸಾಕು. ಡಬ್ಲ್ಯೂಜಿ ಶೋ ಕಮಾಂಡ್ ಪ್ರೈವೇಟ್ ಕೀ ಮರೆಮಾಡಿಯೇ ತೋರಿಸತ್ತೆ, ಆದ್ರೆ ಕಾನ್ಫಿಗ್ ಫೈಲನ್ನ ಹಾಗೇ ಪರದೆಗೆ ಹಾಕಿದ್ರೆ ಎಲ್ಲಾ ಬಯಲು. ಕೀ ಮಾಡೋ ಮುಂಚೆ ಯುಮಾಸ್ಕ್ 077 ಮಾಡ್ಕೊಳ್ಳಿ, ಆಗ ಫೈಲ್ ನಿಮ್ಮ ಯೂಸರ್‌ಗೆ ಮಾತ್ರ ಓದೋಕೆ ಸಿಗತ್ತೆ. ವೇದಿಕೆ ಮೇಲೆ ನೀವು ಏನ್ ಮಾಡ್ತೀರೋ ಕೂತಿರೋರು ನಾಳೆ ಆಫೀಸಲ್ಲಿ ಅದನ್ನೇ ಮಾಡ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

5. ಮೂರು ಸಲ ಬಾಗಿಲು ತಳ್ಳೋದು

ಪರದೇನ ಮೂರು ಭಾಗ ಮಾಡಿ, ಫಾಂಟ್ ದೊಡ್ಡದಿರ್ಲಿ, ಹಿಂದಿನ ಸಾಲಿಗೂ ಕಾಣ್ಬೇಕು. ಒಂದ್ರಲ್ಲಿ ಮನೆ, ಒಂದ್ರಲ್ಲಿ ಆಫೀಸ್, ಇನ್ನೊಂದ್ರಲ್ಲಿ ವೆತ್ ಕೇಬಲ್ ಮೇಲೆ ಟಿಸಿಪಿಡಂಪ್.

ಆಫೀಸ್ ಕಡೆ ಪೈಥಾನಿನ ಸಣ್ಣ ವೆಬ್ ಸರ್ವರ್ ಓಡಿಸಿ, ಅದನ್ನ 10.10.0.1ಕ್ಕೆ ಮಾತ್ರ ಬೈಂಡ್ ಮಾಡಿ, 8000 ಪೋರ್ಟ್. ವೈರ್‌ಗಾರ್ಡ್ ಇಂಟರ್‌ಫೇಸ್‌ಗೆ ಅಡ್ರೆಸ್ ಕೊಟ್ಟ ಮೇಲೇನೇ ಇದನ್ನ ಓಡಿಸ್ಬೇಕು, ಮುಂಚೆ ಓಡಿಸಿದ್ರೆ ಅಂಥ ಅಡ್ರೆಸ್ಸೇ ಇಲ್ಲ ಅಂತ ಎರರ್ ಬರತ್ತೆ. ಅದ್ರಲ್ಲಿ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇಡಿ. ಫೈಲ್ ಒಳಗೆ ಇಂಗ್ಲಿಷ್ ಅಕ್ಷರ ಹಾಕಿ ಅಂತ ಹೇಳೋಕೆ ನನಗೂ ಬೇಜಾರೇ, ಆದ್ರೆ ಕನ್ನಡ ಹಾಕಿದ್ರೆ ಟಿಸಿಪಿಡಂಪ್ ಅದನ್ನ ಚುಕ್ಕಿ ಚುಕ್ಕಿಯಾಗಿ ತೋರಿಸತ್ತೆ, ಎನ್‌ಕ್ರಿಪ್ಟ್ ಆಗ್ದೆ ಇರೋದನ್ನೂ ಜನ ಆಗಿದೆ ಅಂತ ತಪ್ಪಾಗಿ ತಿಳ್ಕೋತಾರೆ.

ಮೊದಲ್ನೇ ತಳ್ಳು. ಮನೆ ಕಡೆ ವೈರ್‌ಗಾರ್ಡ್ ಪೂರ್ತಿ ತಯಾರಿದೆ, ಆಫೀಸಿನ ಪಬ್ಲಿಕ್ ಕೀನೂ ಹಾಕಿದೆ, ಆದ್ರೆ ಆಫೀಸ್ ಕಡೆ ಮನೆಯ ಕೀ ಇನ್ನೂ ಸೇರಿಸಿಲ್ಲ. ಈಗ ಮನೆಯಿಂದ ಕರ್ಲ್ ಮಾಡಿ. ಸುಮ್ನೆ ನಿಂತ್ಕೊಳತ್ತೆ. ಟಿಸಿಪಿಡಂಪಲ್ಲಿ ಮನೆಯಿಂದ ಹ್ಯಾಂಡ್‌ಶೇಕ್ ಪ್ಯಾಕೆಟ್ 5 ಸೆಕೆಂಡಿಗೊಂದು ಹೋಗ್ತಿರೋದು ಕಾಣತ್ತೆ, ವಾಪಸ್ ಒಂದೂ ಬರಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಬೇರೆ ಟೂಲ್‌ಗಳು "ನೀನ್ ಯಾರು, ಪಾಸ್‌ವರ್ಡ್ ತಪ್ಪು" ಅಂತಾನಾದ್ರೂ ಉತ್ತರ ಕೊಡ್ತವೆ, ಇದು ಗುರುತಿಲ್ದೋರು ಕರೆದ್ರೆ ಓಗೊಡೋದೇ ಇಲ್ಲ ಅಂತ ಹೇಳಿ. ಜಾಣರು ಯಾರಾದ್ರೂ ಒಬ್ರು ಕೇಳ್ತಾರೆ: ಬೇರೆ ಪೋರ್ಟೆಲ್ಲಾ "ಇಲ್ಲಿ ಯಾರೂ ಇಲ್ಲ" ಅಂತ ಉತ್ತರ ಕೊಟ್ಟು ಇದೊಂದೇ ಸುಮ್ನಿದ್ರೆ ಅದೇ ಸುಳಿವಾಗಲ್ವಾ? ಆಗತ್ತೆ. ಅದಕ್ಕೇ ಫೈರ್‌ವಾಲಲ್ಲಿ ಉಳಿದ ಪೋರ್ಟ್‌ಗಳನ್ನೂ ರಿಜೆಕ್ಟ್ ಮಾಡೋ ಬದ್ಲು ಡ್ರಾಪ್ ಮಾಡ್ಬೇಕು, ಅಂದ್ರೆ ಉತ್ತರಾನೇ ಕೊಡ್ದೆ ಬಿಸಾಕ್ಬೇಕು, ಆಗ ಎಲ್ಲಾ ಕಡೆ ಒಂದೇ ಮೌನ.

ಎರಡ್ನೇ ತಳ್ಳು. ಆಫೀಸ್ ಕಡೆ ಮನೆಯ ಪಬ್ಲಿಕ್ ಕೀ ಸೇರಿಸಿ, ಅಲೌಡ್ ಐಪೀಸ್ ಅನ್ನೋ ಕಡೆ 10.10.0.2, ಪ್ರೀಫಿಕ್ಸ್ 32. ನಿಂತಿದ್ದ ಕರ್ಲ್ ತಾನಾಗೇ ಮುಗಿಯತ್ತೆ, ಆದ್ರೆ ಮನೆ ಮತ್ತೆ ಹ್ಯಾಂಡ್‌ಶೇಕ್ ಕಳ್ಸೋ ತನಕ 5 ಸೆಕೆಂಡ್ ಹಿಡೀಬೋದು, ಗಾಬರಿಯಾಗಿ ಏನೇನೋ ಒತ್ಬೇಡಿ. ಈಗ ಎರಡು ಟಿಸಿಪಿಡಂಪ್ ಪಕ್ಕಪಕ್ಕ ತೋರಿಸಿ: ಆಫೀಸ್ ಕೋಣೆಯ ವೈರ್‌ಗಾರ್ಡ್ ಇಂಟರ್‌ಫೇಸ್ ಮೇಲೆ ಫೈಲಲ್ಲಿರೋದು ಹಾಗೇ ಓದೋಕಾಗತ್ತೆ, ವೆತ್ ಕೇಬಲ್ ಮೇಲೆ ಬರೀ ಯುಡಿಪಿ ಪ್ಯಾಕೆಟ್, ಒಳಗೆ ಏನೂ ಅರ್ಥ ಆಗದ ಬೈಟ್ಸ್. ಲಕೋಟೆ ಒಳಗೆ ಲಕೋಟೆ ಇಟ್ಟ ಹಾಗೆ ಅಂದ್ರೆ ಎಲ್ರಿಗೂ ತಿಳಿಯತ್ತೆ.

ಇಲ್ಲೇ ಅಲೌಡ್ ಐಪೀಸ್ ಬಿಡಿಸಿ ಹೇಳಿ, ಜನ ಅತೀ ಹೆಚ್ಚು ತಪ್ಪು ಮಾಡೋದು ಇದ್ರಲ್ಲೇ. ಅದಕ್ಕೆ ಎರಡು ಕೆಲಸ. ಕಳ್ಸೋವಾಗ ಈ ಐಪಿಗೆ ಹೋಗೋದೆಲ್ಲಾ ಈ ಪೀರ್‌ಗೆ ಅಂತ ದಾರಿ ತೋರಿಸತ್ತೆ, ಬರೋವಾಗ ಈ ಪೀರ್‌ನಿಂದ ಈ ಐಪಿ ಹೊತ್ತು ಬಂದಿದ್ದನ್ನ ಮಾತ್ರ ಒಳಗೆ ಬಿಡತ್ತೆ. ಎರಡು ಪೀರ್‌ಗೆ ಒಂದೇ ಐಪಿ ಬರೆದ್ರೆ ಎರರ್ ಏನೂ ಬರಲ್ಲ, ಕೊನೇಲಿ ಬರೆದೋರಿಗೆ ಅದು ಸೇರತ್ತೆ, ಮೊದಲ್ನೇ ಪೀರ್ ಸದ್ದಿಲ್ದೆ ಸಂಪರ್ಕ ಕಳ್ಕೊಳತ್ತೆ. ಕಾಪಿ ಪೇಸ್ಟ್ ಮಾಡೋರು ಇದಕ್ಕೆ ದಿನಗಟ್ಲೆ ತಲೆ ಕೆಡಿಸ್ಕೊಂಡಿರೋದು ನೋಡಿದೀನಿ.

ಮೂರ್ನೇ ತಳ್ಳು. ಆಫೀಸ್ ಕಡೆ ಆ ಪೀರನ್ನ ತೆಗೀರಿ, ಒಂದೇ ಕಮಾಂಡ್. ಮನೆಯಿಂದ ಮತ್ತೆ ಕರ್ಲ್ ಮಾಡಿ, ತಕ್ಷಣ ನಿಂತೋಗತ್ತೆ. ಕೆಲಸ ಬಿಟ್ಟು ಹೋದೋರ ಲ್ಯಾಪ್‌ಟಾಪನ್ನ ಹೊರಗಿಡೋದು ಹೀಗೆ ಅಂತ ಹೇಳಿ. ವಾಪಸ್ ಸೇರಿಸಿದ್ರೆ ಈ ಸಲ ಸುಮಾರು 15 ಸೆಕೆಂಡ್ ಕಾಯ್ಬೇಕಾಗ್ಬೋದು, ಯಾಕಂದ್ರೆ ಮನೆ ಕಡೆ ಹಳೇ ಗುಪ್ತ ಕೀಲಿ ಇನ್ನೂ ನಡೀತಿದೆ ಅಂತ ನಂಬಿರತ್ತೆ, ಕಳ್ಸಿದ್ದಕ್ಕೆ ಅಷ್ಟು ಹೊತ್ತು ಉತ್ತರ ಬರ್ದಿದ್ದಾಗ ಮಾತ್ರ ಹೊಸ ಹ್ಯಾಂಡ್‌ಶೇಕ್ ಶುರು ಮಾಡತ್ತೆ. ಆ 15 ಸೆಕೆಂಡಲ್ಲಿ ಇದನ್ನೇ ವಿವರಿಸಿ, ಕಾದಿದ್ದು ಗೊತ್ತೇ ಆಗಲ್ಲ.

ಟೈಮ್ ಉಳಿದ್ರೆ ರೋಮಿಂಗ್ ತೋರಿಸಿ, ಅಂದ್ರೆ ಐಪಿ ಬದ್ಲಾದ್ರೂ ಸಂಪರ್ಕ ಉಳಿಯೋದು. ಮನೆಯಿಂದ ಪಿಂಗ್ ಓಡ್ತಿರೋವಾಗ್ಲೇ ಮನೆಯ 192.168.50.2 ತೆಗೆದು 192.168.50.3 ಹಾಕಿ. ಒಂದೆರಡು ಪಿಂಗ್ ತಪ್ಪಿ ಮುಂದುವರಿಯತ್ತೆ. ಮೊದ್ಲು ಹಳೇದು ತೆಗೀರಿ, ಆಮೇಲೆ ಹೊಸದು ಹಾಕಿ, ಉಲ್ಟಾ ಮಾಡಿದ್ರೆ ಕೆಲವು ಸಿಸ್ಟಮಲ್ಲಿ ಹಳೇದ್ರ ಜೊತೆ ಹೊಸದೂ ಹೋಗ್ಬಿಡತ್ತೆ. ಪಿಂಗ್ ಮನೆ ಕಡೆಯಿಂದಾನೇ ಹೋಗ್ಬೇಕು ಅನ್ನೋದೂ ನೆನಪಿರ್ಲಿ, ಹೊಸ ವಿಳಾಸ ಆಫೀಸ್‌ಗೆ ಗೊತ್ತಾಗೋದು ಮನೆಯಿಂದ ಒಂದು ಪ್ಯಾಕೆಟ್ ಬಂದ್ಮೇಲೇನೇ.

6. ಏನ್ ಆಗಲ್ಲ ಅನ್ನೋದನ್ನ ನೀವೇ ಹೇಳಿ

ಇದನ್ನ ಬಿಡೋರು ತುಂಬಾ ಜನ. ಬಿಡ್ಬೇಡಿ, ಮಿತಿ ಮುಚ್ಚಿಟ್ಟು ಒಪ್ಸಿದ್ರೆ ಮೂರ್ನೇ ವಾರ ನಿಮ್ಮ ಡೆಸ್ಕ್ ಹತ್ರಾನೇ ಬಂದು ನಿಲ್ತಾರೆ.

ವೈರ್‌ಗಾರ್ಡ್‌ಗೆ ಮನುಷ್ಯರು ಗೊತ್ತಿಲ್ಲ, ಕೀಲಿ ಮಾತ್ರ ಗೊತ್ತು. ಯೂಸರ್‌ನೇಮ್, ಓಟಿಪಿ, ಗ್ರೂಪ್ ಏನೂ ಇಲ್ಲ. ಐಪಿ ತಾನಾಗೇ ಹಂಚೋದೂ ಇಲ್ಲ. ಇಪ್ಪತ್ತು ಜನದ ತನಕ ಕೈಯಲ್ಲೇ ನಿಭಾಯಿಸ್ಬೋದು, ಅದಕ್ಕಿಂತ ಹೆಚ್ಚಾದ್ರೆ ಮೇಲೊಂದು ಆಡಳಿತದ ಪದರ ಬೇಕು ಅನ್ನೋದು ನನ್ನ ಲೆಕ್ಕ. ನೆಟ್‌ಬರ್ಡ್ ಇಂಥದ್ದೇ ಓಪನ್ ಸೋರ್ಸ್ ಯೋಜನೆ. ಟೈಲ್‌ಸ್ಕೇಲ್ ಕೂಡ ವೈರ್‌ಗಾರ್ಡ್ ಮೇಲೇ ನಿಂತಿದೆ, ಅದರ ನಿಯಂತ್ರಣ ಸರ್ವರ್ ಓಪನ್ ಸೋರ್ಸ್ ಅಲ್ಲ, ಆ ಭಾಗವನ್ನ ಹೆಡ್‌ಸ್ಕೇಲ್ ಅನ್ನೋ ಬೇರೆ ಯೋಜನೆ ಓಪನ್ ಸೋರ್ಸ್ ಆಗಿ ಬರೆದಿದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮೊಬೈಲ್ ಡೇಟಾ, ಎಷ್ಟೋ ಮನೆ ಬ್ರಾಡ್‌ಬ್ಯಾಂಡ್ ಎಲ್ಲಾ ಸಿಜಿನ್ಯಾಟ್ ಹಿಂದೆ ಇರ್ತವೆ, ಅಂದ್ರೆ ಒಂದು ಹೊರಗಿನ ಐಪಿನ ಬಹಳ ಮನೆಗಳು ಹಂಚ್ಕೊಂಡಿರ್ತವೆ, ಹಾಗಾಗಿ ಹೊರಗಿಂದ ನೇರ ನಿಮ್ಮನೆ ಮಷೀನಿಗೆ ಬರೋಕಾಗಲ್ಲ. ಎರಡೂ ಕಡೆ ಹೀಗೇ ಇದ್ರೆ ಪಬ್ಲಿಕ್ ಐಪಿ ಇರೋ ಒಂದು ಚಿಕ್ಕ ಸರ್ವರ್ ಮಧ್ಯ ಇಟ್ಕೊಳ್ಳಿ, ಮನೆ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಹಾಕಿ. ರೂಟರ್ ಆ ದಾರಿ ಮುಚ್ಚದ ಹಾಗೆ ಆಗಾಗ ಒಂದು ಖಾಲಿ ಪ್ಯಾಕೆಟ್ ಕಳ್ಸೋ ಸೆಟ್ಟಿಂಗ್ ಅದು.

7. ಬರೋ ಪ್ರಶ್ನೆಗಳು

"ಎಸ್ಎಸ್ಎಚ್ ಸಾಲ್ದಾ?" ಒಂದೆರಡು ಸರ್ವರ್‌ಗೆ ಲಾಗಿನ್ ಆಗೋಕೆ ಸಾಕು ಅಂತಾನೇ ಹೇಳಿ. ಇಡೀ ನೆಟ್‌ವರ್ಕ್ ಬೇಕಾದಾಗ, ಎಸ್ಎಸ್ಎಚ್ ಪೋರ್ಟನ್ನೇ ಹೊರಗೆ ಕಾಣದ ಹಾಗೆ ಮಾಡ್ಬೇಕಾದಾಗ ವೈರ್‌ಗಾರ್ಡ್. ಎರಡೂ ಒಟ್ಟಿಗೆ ಇರೋದು ಒಳ್ಳೇದು, ಸುರಂಗದ ಒಳಗೆ ಎಸ್ಎಸ್ಎಚ್ ಓಡ್ಲಿ.

"ಓಪನ್ ಸೋರ್ಸ್ ಅಂದ್ಮೇಲೆ ಸೇಫಾ?" ಇಲ್ಲಿ ಹೌದು ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಅನ್ನೋ ಕಂಪ್ರೆಷನ್ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಸೇರಿಸಿದ್ರು, ಕೆಲವು ಲಿನಕ್ಸ್‌ಗಳಲ್ಲಿ ಅದು ಎಸ್ಎಸ್ಎಚ್ ಸರ್ವರ್ ತನಕ ಮುಟ್ತಿತ್ತು. ಅದು ಕೋಡ್ ತೆರೆದಿದ್ದಾಗ್ಲೂ ಒಳಗೆ ಸೇರ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿರೋದು ಗಮನಿಸಿ ಬೆನ್ನು ಹತ್ತಿ ಅದನ್ನ ಹೊರಗೆ ತೆಗೆಯೋಕೂ ಆ ತೆರೆದ ಕೋಡೇ ದಾರಿ ಆಯ್ತು. ಎರಡೂ ಮುಖ ಹೇಳಿ.

"ಇಂಡಿಯಾದಲ್ಲಿ ವಿಪಿಎನ್ ಬಳಸ್ಬೋದಾ?" ಪ್ರತೀ ಸಲ ಬರೋ ಪ್ರಶ್ನೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ಕ್ಕೆ ಕೊಟ್ಟ ನಿರ್ದೇಶನದಲ್ಲಿ ವಿಪಿಎನ್ ಸೇವೆ ಕೊಡೋರು ಗ್ರಾಹಕರ ವಿವರ 5 ವರ್ಷ ಇಟ್ಕೋಬೇಕು ಅಂತಿದೆ. ಇದು ಸಾರ್ವಜನಿಕರಿಗೆ ಸೇವೆ ಕೊಡೋರಿಗೆ, ಕಂಪನಿಗಳು ತಮ್ಮ ಒಳಗಿನ ಕೆಲಸಕ್ಕೆ ಬಳಸೋ ವಿಪಿಎನ್‌ಗೆ ಅಲ್ಲ ಅಂತ ಸರ್ಟ್-ಇನ್ ಆಮೇಲೆ ಸ್ಪಷ್ಟಪಡಿಸ್ತು. ಕಂಪನಿಯ ಕಾನೂನು ವಿಭಾಗ ಬೇರೇನಾದ್ರೂ ಹೇಳಿದ್ರೆ ಅದನ್ನ ಕೇಳಿ.

"ಪಿಂಗ್ ಆಗತ್ತೆ, ಆದ್ರೆ ಪೇಜ್ ಓಪನ್ ಆಗಲ್ಲ." ಮುಕ್ಕಾಲು ಪಾಲು ಎಂಟಿಯು ಸಮಸ್ಯೆ, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರ್ಬೋದು ಅನ್ನೋ ಮಿತಿ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಕೊಳತ್ತೆ, ಪಿಪಿಪಿಓಇ (ರೂಟರಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕೋ) ಬ್ರಾಡ್‌ಬ್ಯಾಂಡ್ ಮೇಲೆ ಐಪಿವಿ6ನಲ್ಲಿ ಹೋದ್ರೆ 1412ಕ್ಕಿಂತ ಹೆಚ್ಚು ಹಿಡಿಯಲ್ಲ. 1380ಕ್ಕೆ ಇಳಿಸಿ ನೋಡಿ.

"ರಾಸ್ಪ್‌ಬೆರಿ ಪೈ ಕರೆಂಟ್ ಹೋಗಿ ಬಂದ್ಮೇಲೆ ಕನೆಕ್ಟೇ ಆಗಲ್ಲ." ಬಹಳ ಮಾಡೆಲ್‌ಗಳಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ, ಟೈಮ್ ಹಿಂದಕ್ಕೆ ಹೋಗಿರತ್ತೆ, ಹ್ಯಾಂಡ್‌ಶೇಕಲ್ಲಿ ಟೈಮ್ ಸೇರಿರೋದ್ರಿಂದ ಹಿಂದಿನದಕ್ಕಿಂತ ಹಳೇದು ಬಂದ್ರೆ ಆ ಕಡೆ ತಳ್ಳಿಹಾಕತ್ತೆ. ನೆಟ್‌ವರ್ಕಿಂದ ಟೈಮ್ ತರಿಸೋ ಎನ್‌ಟಿಪಿಯಿಂದ ಗಡಿಯಾರ ಸರಿಯಾದ ಮೇಲೆ ತಾನಾಗೇ ಸರಿ ಹೋಗತ್ತೆ.

8. ಮುಗಿದ ಮೇಲೆ

ಸ್ಲೈಡಿಗಿಂತ ನಿಮ್ಮ ಲ್ಯಾಬ್ ಸ್ಕ್ರಿಪ್ಟ್ ಹಂಚಿ, ಕೀ ಎಲ್ಲಾ ಸ್ಕ್ರಿಪ್ಟೇ ಹೊಸದಾಗಿ ಮಾಡೋ ಹಾಗಿರ್ಲಿ, ಒಳಗೆ ಬರೆದಿರೋ ಕೀ ಒಂದೂ ಬೇಡ. ಕಾಮೆಂಟ್‌ಗಳನ್ನ ಕನ್ನಡದಲ್ಲೇ ಬರೀರಿ, ಮೊದಲ್ನೇ ವರ್ಷದ ಹುಡುಗ್ರಿಗೆ ಅದ್ರಿಂದ ಎಷ್ಟು ಧೈರ್ಯ ಬರತ್ತೆ ಅಂತ ನೋಡಿದೀನಿ.

ಡೆಮೊ ನೋಡಿದ ಹುರುಪಲ್ಲಿ ಅದೇ ರಾತ್ರಿ ನಿಜವಾದ ಸರ್ವರಲ್ಲಿ ಹಾಕೋಕೆ ಕೂರೋರಿಗೆ ಈ ಒಂದು ಎಚ್ಚರಿಕೆ ಕೊಟ್ಟೇ ಕಳ್ಸಿ: ಎಸ್ಎಸ್ಎಚ್ ಅನ್ನ ಸುರಂಗದ ಒಳಗೆ ಮಾತ್ರ ಬಿಡೋ ಫೈರ್‌ವಾಲ್ ನಿಯಮ ಹಾಕೋ ಮುಂಚೆ ಹಳೇ ಎಸ್ಎಸ್ಎಚ್ ಸೆಷನ್ ಒಂದು ತೆಗೆದೇ ಇಟ್ಕೊಳ್ಳಿ, ಕ್ಲೌಡಿನ ವೆಬ್ ಕನ್ಸೋಲಿಂದ ಒಳಗೆ ಹೋಗೋಕಾಗತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ, ಅದಕ್ಕೂ ಮೊದ್ಲು ಸರ್ವರನ್ನ ಒಂದ್ಸಲ ರೀಬೂಟ್ ಮಾಡಿ ಸುರಂಗ ತಾನಾಗೇ ಎದ್ದು ನಿಲ್ಲತ್ತಾ ಅಂತ ಪರೀಕ್ಷೆ ಮಾಡಿ. ಅದು ಎದ್ದಿದ್ದು ಕಣ್ಣಾರೆ ಕಂಡ ಮೇಲೇನೇ ಆ ನಿಯಮ ಹಾಕಿ ಹೊರಗಿನ 22 ಪೋರ್ಟ್ (ಎಸ್ಎಸ್ಎಚ್ ಪೋರ್ಟ್) ಮುಚ್ಚಿ.